ಏನು, ಇದನ್ನು ಕೇಳಿಯೇ ಇಲ್ಲವೇ?

ಸಂಗೀತಪ್ರಿಯರು ನಾಲ್ವರು ಒಂದೆಡೆ ಕೂಡಿದರೆಂದರೆ ಒಂದು ಪ್ರಶ್ನೆ ತಪ್ಪದೆ ಹುಟ್ಟಿಕೊಳ್ಳುತ್ತದೆ: “ಏನು, ಇದನ್ನು ನೀವು ಕೇಳಿಯೇ ಇಲ್ಲವೇ?” ಬೇಸಾಯದ ವಿಷಯದಲ್ಲಾಗಲಿ, ವ್ಯಾಪಾರದ ವಿಷಯದಲ್ಲಾಗಲಿ ಒಬ್ಬನಿಗೆ ಏನೋ ತಿಳಿಯದೆಂದರೆ ಯಾರೂ ಅಷ್ಟು ಬೆರಗಾಗುವುದಿಲ್ಲ. ಹಾಡಿನ ವಿಷಯದಲ್ಲಿ ಮಾತ್ರ, ಒಂದು ಹೆಸರು ಗೊತ್ತಿಲ್ಲವೆಂದೊಡನೆ ಸುತ್ತಲಿದ್ದವರ ಹುಬ್ಬು ಮೇಲೇರುತ್ತದೆ. ಪ್ರಶ್ನೆ ಒಂದೇ ಆದರೂ ಅದನ್ನು ಕೇಳುವ ಧ್ವನಿ ಎರಡು ಬಗೆಯದು. ಒಂದು ಧ್ವನಿಯಲ್ಲಿ “ಬನ್ನಿ, ಹತ್ತಿರ ಕೂಡಿರಿ, ಕೇಳಿಸುತ್ತೇನೆ” ಎಂಬ ಸಂತೋಷವಿರುತ್ತದೆ. ಇನ್ನೊಂದರಲ್ಲಿ ಮೌಖಿಕ ಪರೀಕ್ಷೆ ನಡೆಸುವ ಮಾಸ್ತರರ ಗತ್ತಿರುತ್ತದೆ. ಈ ಎರಡನೆಯ ಧ್ವನಿಗೆ ಅಂಜಿ ಎಷ್ಟೋ ಜನ ಕೇಳದ ಹಾಡನ್ನು ಕೇಳಿದ್ದೇವೆಂದು ತಲೆಯಾಡಿಸಿಬಿಡುತ್ತಾರೆ. ಹಾಗೆ ತಲೆಯಾಡಿಸಿದ ಮೇಲೆ ಆ ಹಾಡನ್ನು ಅವರಿಗೆ ಕೇಳಿಸುವವರು ಯಾರು?

ನಾನು ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ರಾತ್ರಿಯ ಊಟವಾದ ಮೇಲೆ ಸ್ವಲ್ಪ ಹೊತ್ತು ವಿರಾಮವಿರುತ್ತಿತ್ತು. ಎಂಬತ್ತರ ದಶಕ ಮುಗಿದು ತೊಂಬತ್ತರ ದಶಕ ಕಾಲಿಡುತ್ತಿದ್ದ ಸಮಯವದು. ಗಿಟಾರು ಹಿಡಿದವರು ಇಬ್ಬರು, ಅವರನ್ನು ಸುತ್ತುವರಿದವರು ಹತ್ತು ಮಂದಿ. ಅಲ್ಲಿ ಈ ಪರೀಕ್ಷೆ ನಿತ್ಯವೂ ನಡೆಯುತ್ತಿತ್ತು. ಜಿಮ್ ರೀವ್ಸ್ ನಮ್ಮಲ್ಲಿ ಅನೇಕರ ಮನೆಗಳಲ್ಲಿ ಬಂಧುವಿನಂತೆ ಇದ್ದವನು. ಆತ 1964ರಲ್ಲಿಯೇ ವಿಮಾನಾಪಘಾತದಲ್ಲಿ ಮಡಿದಿದ್ದನೆಂಬುದು ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ತಿಳಿದಿರಲಿಲ್ಲ. ಕ್ಲಿಫ್ ರಿಚರ್ಡ್ ಹುಟ್ಟಿದ್ದು 1940ರಲ್ಲಿ ನಮ್ಮ ಲಖನೌ ನಗರದಲ್ಲಿ ಎಂದು ಯಾರೋ ಹೇಳಿದಾಗ ನಂಬದೆ ಗ್ರಂಥಾಲಯಕ್ಕೆ ಓಡಿದವರಿದ್ದರು. ‘ಕ್ವೀನ್’ ತಂಡದ ಫ್ರೆಡ್ಡಿ ಮರ್ಕ್ಯುರಿ ಚಿಕ್ಕಂದಿನಲ್ಲಿ ಓದಿದ್ದು ಸಾತಾರಾ ಜಿಲ್ಲೆಯ ಪಂಚಗಣಿಯಲ್ಲಿ, ಶಾಲೆಯ ಗೆಳೆಯರನ್ನು ಕೂಡಿಸಿಕೊಂಡು ಆತ ಮೊದಲು ತಂಡ ಕಟ್ಟಿದ್ದೂ ಅಲ್ಲಿಯೇ. ಬೆಳಗಾವಿಯಿಂದ ಪುಣೆಗೆ ಹೋಗುವ ದಾರಿಯಿಂದ ಆ ಊರು ಬಹಳ ದೂರವೇನಲ್ಲ. ಜಗತ್ತೇ ಕೊಂಡಾಡುವ ಒಂದು ಕಂಠ ಆ ಬೆಟ್ಟದ ಶಾಲೆಯಲ್ಲಿ ಪಿಯಾನೊ ಕಲಿಯಿತೆಂಬುದು, ಆ ರಸ್ತೆಯಲ್ಲಿ ಹತ್ತಾರು ಬಾರಿ ಬಸ್ಸಿನಲ್ಲಿ ಹೋದ ನಮಗೆ ತಿಳಿಯದ ಸಂಗತಿಯಾಗಿತ್ತು.

ಇವೆಲ್ಲ ಹೊರಗಿನ ಸಂಗತಿಗಳು. ತಿಳಿಯದಿದ್ದರೆ ನಷ್ಟವೇನೂ ಇಲ್ಲವೆನ್ನಬಹುದು. ಆದರೆ ನಮ್ಮ ನಮ್ಮೊಳಗೇ ಇದ್ದ ಒಂದು ಕಂದಕ ನನಗೆ ಹೆಚ್ಚು ಕುತೂಹಲದ್ದಾಗಿ ಕಂಡಿತು. ಗೋವೆಯ ಗೆಳೆಯರು ಲೋರ್ನಾ ಎಂಬ ಹೆಸರನ್ನು ಹೇಳುವಾಗ ಕಣ್ಣರಳಿಸುತ್ತಿದ್ದರು. ಕ್ರಿಸ್ ಪೆರಿಯ ತುತ್ತೂರಿ, ಆಲ್ಫ್ರೆಡ್ ರೋಸನ ತಿಯಾತ್ರ್ ಹಾಡುಗಳು ಅವರ ಬಾಯಲ್ಲಿ ಸದಾ ಇರುತ್ತಿದ್ದವು. ಮಂಗಳೂರಿನ ಗೆಳೆಯರಿಗೆ ‘ಕೊಂಕಣ್ ಕೋಗುಳ್’ ವಿಲ್ಫಿ ರೆಬಿಂಬಸ್ ಎಂದರೆ ಪ್ರಾಣ. ಇಬ್ಬರದೂ ಕೊಂಕಣಿಯೇ, ಇಬ್ಬರದೂ ಒಂದೇ ವಿಶ್ವಾಸ. ಆದರೂ ಇವರ ಕೋಗಿಲೆಯನ್ನು ಅವರು ಅರಿಯರು, ಅವರ ಕೋಗಿಲೆಯನ್ನು ಇವರು ಅರಿಯರು! ಗೋವೆಯ ಕ್ರೈಸ್ತರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆದರು, ಮಂಗಳೂರಿನವರು ಕನ್ನಡ ಲಿಪಿಯಲ್ಲಿ ಬರೆದರು. ಹಾಡಿನ ಪುಸ್ತಕಗಳು, ಪತ್ರಿಕೆಗಳು ಗಡಿ ದಾಟಲಿಲ್ಲ. ಕ್ಯಾಸೆಟ್ಟುಗಳಿಗೆ ಲಿಪಿಯ ಹಂಗಿಲ್ಲ ನಿಜ. ಆದರೂ ಮಾಪುಸಾದ ಅಂಗಡಿಯ ಕ್ಯಾಸೆಟ್ಟು ಹಂಪನಕಟ್ಟೆಯ ಅಂಗಡಿಗೆ ಬರುವುದು ಅಪರೂಪವಾಗಿತ್ತು. ಖಾನಾಪುರದ ಕಡೆಯವನಾದ ನಾನು ನಡುವೆ ನಿಂತು ಎರಡನ್ನೂ ಅಷ್ಟಿಷ್ಟು ಕೇಳಿದ್ದೆ. ಗಡಿನಾಡಿನಲ್ಲಿ ಹುಟ್ಟಿದ್ದಕ್ಕೆ ಅಂಥದೊಂದು ಲಾಭವೂ ಉಂಟು.

ಆ ಗುರುಮಠದ ವಿರಾಮವೇಳೆ ಮತ್ತೆ ನೆನಪಾದುದು ಕ್ರಿಸ್ತಜಯಂತಿಗೆ ಮುಂಚಿನ ಒಂದು ಸಂಜೆ, ದೇಸೂರಿನಲ್ಲಿ. ಬೆಳಗಾವಿಯಿಂದ ಖಾನಾಪುರದ ಕಡೆಗೆ ರೈಲಿನಲ್ಲಿ ಹೊರಟರೆ ಮೊದಲು ಸಿಗುವ ಪುಟ್ಟ ನಿಲ್ದಾಣ ಈ ಊರಿನದು. ಸುತ್ತಲೂ ಭತ್ತದ ಗದ್ದೆಗಳು. ಮನೆಯಲ್ಲಿ ಮರಾಠಿ, ಬಜಾರದಲ್ಲಿ ಕನ್ನಡ, ಹೀಗೆ ಎರಡನ್ನೂ ಸಲೀಸಾಗಿ ಆಡುವ ಜನ. ಕ್ಯಾರಲ್ ಹಾಡಲು ಹೊರಟಿದ್ದ ನಮ್ಮ ಯುವಜನರ ತಂಡ ಒಂದು ರೈತ ಕುಟುಂಬದ ಮನೆಯಲ್ಲಿ ಹಾಡಿ ಮುಗಿಸಿ, ಚಹಾ ಬರುವವರೆಗೆ ಪಡಸಾಲೆಯಲ್ಲಿ ಕುಳಿತಿತ್ತು. ಹೊರಗೆ ಡಿಸೆಂಬರಿನ ಚಳಿ, ಒಳಗೆ ಹೊಸ ಅಕ್ಕಿಯ ಚೀಲಗಳ ವಾಸನೆ. ಮಾತು ಹಾಡಿನ ತಂಡಗಳತ್ತ ಹೊರಳಿತು.

ಬೆಳಗಾವಿಯ ಕ್ಯಾಂಪ್ ಪ್ರದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ 2025ರ ಜನವರಿಯಲ್ಲಿ ನವಿ ಮುಂಬೈಗೆ ಬಂದಿದ್ದ ‘ಕೋಲ್ಡ್‌ಪ್ಲೇ’ ತಂಡದ ಕಾರ್ಯಕ್ರಮಕ್ಕೆ ಟಿಕೆಟ್ಟು ಸಿಗದೆ ಹೋದ ದುಃಖವನ್ನು ಇನ್ನೂ ಹೊತ್ತುಕೊಂಡಿದ್ದ. ನರ್ಸಿಂಗ್ ಓದುವ ಖಾನಾಪುರದ ಹುಡುಗಿಗೆ ಕೊರಿಯಾ ದೇಶದ ‘ಬಿಟಿಎಸ್’ ತಂಡದ ಏಳು ಹುಡುಗರ ಹೆಸರೂ ಬಾಯಿಪಾಠ. ಅವರು ಒಬ್ಬೊಬ್ಬರಾಗಿ ಸೈನ್ಯಸೇವೆಗೆ ಹೋದದ್ದು, ಮರಳಿದ್ದು ಎಲ್ಲವನ್ನೂ ತಮ್ಮಂದಿರ ಸುದ್ದಿಯಂತೆ ಹೇಳಿದಳು. “ಫಾದರ್, ನಿಮಗ ಬಿಟಿಎಸ್ ಗೊತ್ತಿಲ್ಲೇನ್ರೀ?” ಎಂದು ನನ್ನನ್ನೂ ಕೇಳಿದಳು. “ಹೆಸರು ಕೇಳೀನಿ, ಹಾಡು ಕೇಳಿಲ್ಲವ್ವ” ಎಂದೆ. ನನ್ನ ವಯಸ್ಸು ನನಗೆ ರಿಯಾಯಿತಿ ಕೊಡಿಸಿತು. ಆ ಮನೆಯ ಮಗನಿಗೆ ಅದು ಸಿಗಲಿಲ್ಲ. ಪದವಿಯ ಎರಡನೆಯ ವರ್ಷದಲ್ಲಿದ್ದ ಆ ಹುಡುಗ ಕೋಲ್ಡ್‌ಪ್ಲೇ ಎಂದರೆ ಏನೆಂದು ಸಹಜವಾಗಿ ಕೇಳಿದ. “ಖರೇನ? ಯಾವ ಕಾಲದಾಗ ಅದಿಯೋ ಮಾರಾಯಾ?” ಎಂದ ಎಂಜಿನಿಯರಿಂಗ್ ವಿದ್ಯಾರ್ಥಿ. ನಾಲ್ಕಾರು ಜನ ನಕ್ಕರು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಹುಡುಗ ಎದ್ದು ಚಹಾದ ಕಪ್ಪುಗಳನ್ನು ತರುವ ನೆಪದಲ್ಲಿ ಒಳಗೆ ಹೋದ. ಬಂದು ಹಂಚಿದ ಮೇಲೂ ಬಾಗಿಲ ಬಳಿಯೇ ನಿಂತ. ತನ್ನ ಮನೆಯ ಪಡಸಾಲೆಯಲ್ಲಿ ತಾನೇ ಹೊರಗಿನವನಾದಂತೆ.

ಆ ಖಾನಾಪುರದ ಹುಡುಗಿ ಜಾಣೆ. “ಅದು ಬಿಡೋ. ನೀ ಏನ ಕೇಳ್ತಿ ಅದನ್ನ ಹೇಳು” ಎಂದಳು. ಅವನು ಮೊದಲು ಸಂಕೋಚಪಟ್ಟ. ಬಳಿಕ ಹೇಳಿದ್ದಿಷ್ಟು: ನೆರೆಮನೆಯ ಅಜ್ಜ ಪಂಢರಪುರದ ವಾರಕರಿ. ಏಕಾದಶಿಯ ರಾತ್ರಿ ಅವರ ಮನೆಯಂಗಳದಲ್ಲಿ ಭಜನೆ. ಚಿಕ್ಕಂದಿನಲ್ಲಿ ಆಟಕ್ಕೆಂದು ಹೋಗಿ ಕುಳಿತವನು ಅಜ್ಜನಿಂದ ಪಖವಾಜ ಕಲಿತಿದ್ದಾನೆ. ಮನೆಯಲ್ಲಿ ಅದಕ್ಕೆ ಬೇಡವೆಂದವರಿಲ್ಲ. ಭೀಮಸೇನ ಜೋಶಿಯವರ ಅಭಂಗಗಳು ಅವನ ಮೊಬೈಲಿನಲ್ಲಿ ತುಂಬಿವೆ. ಕುಮಾರ ಗಂಧರ್ವರ ನಿರ್ಗುಣಿ ಭಜನೆಗಳೂ ಇವೆ. “ಕುಮಾರ ಗಂಧರ್ವ ಅಂದ್ರ ಯಾರು?” ಎಂದು ಕೇಳಿದವನು ಆ ಎಂಜಿನಿಯರಿಂಗ್ ವಿದ್ಯಾರ್ಥಿಯೇ. ಹುಡುಗ ನಗಲಿಲ್ಲ. “ನಮ್ಮ ಸುಳೇಭಾವಿಯವರು” ಎಂದ, ಅಷ್ಟೆ.

ಬೆಳಗಾವಿಯ ಪಕ್ಕದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಎಂಬ ಬಾಲಕ ದೊಡ್ಡ ದೊಡ್ಡ ಗವಾಯಿಗಳ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸಿ ಜನರನ್ನು ದಂಗುಬಡಿಸಿದ. ಮುಂಬೈಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತು ಕುಮಾರ ಗಂಧರ್ವನೆಂದು ಹೆಸರಾದ. ಕ್ಷಯರೋಗ ತಗುಲಿ ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಬೇಕಾಯಿತು. ಹಾಡಲಾಗದ ಆ ಕಾಲದಲ್ಲಿ ಅವರು ಮಾಡಿದ್ದು ಕೇಳುವ ಕೆಲಸವನ್ನು. ಮಾಳವದ ಹಳ್ಳಿಯ ಹೆಂಗಸರ ಹಾಡುಗಳು, ಜೋಗಿಗಳ ಭಜನೆಗಳು ಅವರ ಕಿವಿಗೆ ಬಿದ್ದವು. ಚೇತರಿಸಿಕೊಂಡು ಮತ್ತೆ ಹಾಡಿದಾಗ ಅವೇ ಹೊಸ ಸಂಗೀತವಾಗಿ ಹೊರಬಂದವು. ಇಂಥವರು ನಮ್ಮ ಜಿಲ್ಲೆಯವರೆಂಬುದು ಬೆಳಗಾವಿಯ ಕಾಲೇಜು ಹುಡುಗನಿಗೆ ತಿಳಿದಿಲ್ಲವೆಂದರೆ ಅವನನ್ನು ದೂರಲಾರೆ. ತಿಳಿಸುವವರು ಯಾರಿದ್ದರು?

ನಿಜವಾಗಿ ನೋಡಿದರೆ ದೇಸೂರಿನ ಮುಂದೆ ಹಾದುಹೋಗುವ ಆ ರೈಲುಹಳಿಯೇ ಸಂಗೀತದ ಒಂದು ಭೂಪಟ. ಉತ್ತರಕ್ಕೆ ಹೋದರೆ ಮಿರಜ: ತಂಬೂರಿ, ಸಿತಾರುಗಳನ್ನು ಮಾಡುವ ಕುಶಲಿಗಳ ಊರು, 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ಸಮಾಧಿ ಇರುವ ಊರು. ದಕ್ಷಿಣಕ್ಕೆ ಲೋಂಡಾದವರೆಗೆ ಹೋದರೆ ಹಳಿ ಕವಲೊಡೆಯುತ್ತದೆ. ಒಂದು ಕವಲು ಧಾರವಾಡಕ್ಕೆ, ಮನ್ಸೂರ, ಗಂಗೂಬಾಯಿ, ರಾಜಗುರುಗಳ ನಾಡಿಗೆ. ಇನ್ನೊಂದು ಕವಲು ಘಟ್ಟ ಇಳಿದು ಗೋವೆಗೆ, ಪಿಟೀಲು ತುತ್ತೂರಿಗಳ ನಾಡಿಗೆ. ಇಷ್ಟರ ನಡುವೆ ಕುಳಿತು ನಮ್ಮ ಮಕ್ಕಳು ಒಬ್ಬರ ಹಾಡು ಒಬ್ಬರಿಗೆ ಗೊತ್ತಿಲ್ಲವೆಂದು ಅಚ್ಚರಿಪಡುತ್ತಾರೆ!

ಹೀಗಾಗಲು ಕಾರಣವೇನೆಂದು ನಾನು ಯೋಚಿಸಿದ್ದುಂಟು. 1933ರ ಸುಮಾರಿಗೆ ಗದಗಿನಲ್ಲಿ ಹನ್ನೊಂದು ವರ್ಷದ ಭೀಮಸೇನನ ಕಿವಿಗೆ ಅಬ್ದುಲ್ ಕರೀಂ ಖಾನರ ಠುಮರಿಯೊಂದರ ತಟ್ಟೆ ಬಿದ್ದಿತು. ಆ ಕಂಠದಂತೆ ಹಾಡಬೇಕೆಂಬ ಹುಚ್ಚಿನಲ್ಲಿ ಅವನು ಮನೆಬಿಟ್ಟು ಓಡಿದ. ಊರೂರು ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪಾದದ ಬಳಿ ಕುಳಿತ. ಅವನು ಆ ತಟ್ಟೆಯನ್ನು ಕೇಳಿದ್ದು ಅಂಗಡಿಯೊಂದರಲ್ಲಿ. ಧಾರವಾಡದಲ್ಲಿ ಬಾಲಕಿ ಗಂಗೂಬಾಯಿಯೂ ಗ್ರಾಮೊಫೋನಿನ ಸದ್ದು ಕೇಳಿದರೆ ಬೀದಿಗೆ ಓಡುತ್ತಿದ್ದಳಂತೆ. ಗಮನಿಸಿರಿ: ಇಬ್ಬರೂ ಅದನ್ನು ಕೇಳಬೇಕೆಂದು ಹುಡುಕಿ ಹೋಗಿದ್ದವರಲ್ಲ. ಗ್ರಾಮೊಫೋನಿನ ಕಹಳೆ ಬೀದಿಗೆ ಬಾಯಿ ತೆರೆದಿತ್ತು, ಹಾದುಹೋಗುವವರ ಕಿವಿಗೆಲ್ಲ ಹಾಡು ಬೀಳುತ್ತಿತ್ತು. ಆ ಅಂಗಡಿಯ ಗಿರಾಕಿ ಇಂದಿನವರಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಾನೊಬ್ಬನೇ ಕೇಳಿದ್ದರೆ ಗದಗಿನ ಆ ಬಾಲಕ ಅಂಗಡಿಯನ್ನು ದಾಟಿ ಸುಮ್ಮನೆ ಮನೆಗೆ ಹೋಗಿಬಿಡುತ್ತಿದ್ದನೋ ಏನೋ.

ನನ್ನ ಬಾಲ್ಯದಲ್ಲಿಯೂ ರೇಡಿಯೊ ಇಡೀ ಓಣಿಯ ಆಸ್ತಿಯಾಗಿತ್ತು. ಚಹಾದಂಗಡಿಯಲ್ಲಿ ಬೆಳಗಿನ ಹೊತ್ತು ಧಾರವಾಡ ಆಕಾಶವಾಣಿ, ರಾತ್ರಿ ವಿವಿಧ ಭಾರತಿಯಲ್ಲಿ ಸೈನಿಕರಿಗಾಗಿ ಬರುತ್ತಿದ್ದ ಜಯಮಾಲಾ. ಮರಾಠಾ ಲಘು ಪದಾತಿದಳದ ಕೇಂದ್ರ ಇರುವ ಬೆಳಗಾವಿಯ ಸುತ್ತಣ ಹಳ್ಳಿಗಳಲ್ಲಿ ಎಷ್ಟೋ ಮನೆಯಿಂದ ಒಬ್ಬ ಜವಾನನಿದ್ದ. ತಮ್ಮ ಹುಡುಗನ ಹೆಸರು ಬರಬಹುದೆಂದು ತಾಯಂದಿರು ಕಿವಿಗೊಡುತ್ತಿದ್ದರು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನಿನ ಗೀತಮಾಲಾ, ಅಮೀನ್ ಸಯಾನಿಯವರ ಧ್ವನಿ. 1952ರಲ್ಲಿ ಆರಂಭವಾದ ಆ ಕಾರ್ಯಕ್ರಮವನ್ನು ದಶಕಗಳ ಕಾಲ ನಡೆಸಿದ ಅವರು 2024ರಲ್ಲಿ ತೀರಿಕೊಂಡರು. ಕೋರಿಕೆಯ ಪತ್ರಗಳನ್ನು ಬರೆದೂ ಬರೆದೂ ಝುಮ್ರಿ ತಿಲೈಯಾ ಎಂಬ ಕಾಣದ ಊರಿನ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿದವರು ಆ ಕಾಲದ ಅಭಿಮಾನಿಗಳೇ. ನಮಗೆ ಇಷ್ಟವಾದ ಹಾಡಿಗಾಗಿ ಇಷ್ಟವಿಲ್ಲದ ಹತ್ತು ಹಾಡುಗಳನ್ನು ಕೇಳಬೇಕಾಗಿತ್ತು. ಅದು ಬೇಸರದ ಕೆಲಸವೇ ಸರಿ, ಅದನ್ನು ಸುವರ್ಣಯುಗವೆಂದು ಹೊಗಳಲಾರೆ. ಆದರೆ ಇಂದಿನ ಮೊಬೈಲು ನಮಗೆ ಹಿಡಿಸಿದ್ದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಪರಿಣಾಮವಾಗಿ ಒಂದೇ ಕೋಣೆಯಲ್ಲಿ ಮಲಗುವ ಅಣ್ಣತಮ್ಮಂದಿರು ಎರಡು ಬೇರೆ ದೇಶಗಳಲ್ಲಿ ವಾಸಿಸುತ್ತಾರೆ. ತಮಗೆ ಏನು ತಪ್ಪಿಹೋಗಿದೆಯೆಂಬುದು ಅವರಿಗೆ ತಿಳಿಯಬೇಕಾದರೆ ಮನುಷ್ಯನೊಬ್ಬ ಬಾಯಿಬಿಟ್ಟು ಹೇಳಬೇಕು. ಆದ್ದರಿಂದಲೇ ಆ ಪಡಸಾಲೆಯ ಹರಟೆಗೆ ಹಿಂದಿಗಿಂತ ಹೆಚ್ಚಿನ ಬೆಲೆಯಿದೆಯೆಂದು ನನಗನಿಸುತ್ತದೆ; ಅಲ್ಲಿ ಒಂದು ನಗೆ ಹುಡುಗನನ್ನು ಬಾಗಿಲ ಬಳಿಗೆ ಅಟ್ಟಿದ್ದು ಚಿಕ್ಕ ಮಾತಾಗಿ ಕಾಣದಿರುವುದೂ ಅದಕ್ಕೆ.

ತಿಳಿಯದಿರುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಮಲ್ಲಿಕಾರ್ಜುನ ಮನ್ಸೂರರು ಇಪ್ಪತ್ತೈದರ ಆಸುಪಾಸಿನಲ್ಲೇ ಹೆಸರಾಂತ ಗಾಯಕರು, ಗ್ರಾಮೊಫೋನ್ ಕಂಪನಿ ಅವರ ತಟ್ಟೆಗಳನ್ನು ಹೊರಡಿಸಿತ್ತು. ಆಗ ಮುಂಬೈಯಲ್ಲಿ ಮಂಜಿ ಖಾನರ ಹಾಡಿಕೆ ಅವರನ್ನು ಸೆಳೆಯಿತು. ಅವರು ಪುನಃ ಶಿಷ್ಯನಾಗಿ ಕುಳಿತರು. 1937ರಲ್ಲಿ ಮಂಜಿ ಖಾನರು ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿ ಖಾನರ ಬಳಿ ಕಲಿಕೆ ಮುಂದುವರಿಸಿದರು. ಹೆಸರು ಬಂದ ಮೇಲೆ ‘ಇದು ನನಗೆ ಬಾರದು’ ಎನ್ನುವುದು ಸುಲಭವಲ್ಲ. ಅಪರೂಪದ ರಾಗಗಳೆಂದರೆ ಮನ್ಸೂರರೆಂದು ಜನ ನೆನೆಯುವುದು ಆ ಎರಡನೆಯ ಕಲಿಕೆಯ ಫಲವಾಗಿ.

ಪಡಸಾಲೆಗೆ ಮರಳೋಣ. ಆ ಮನೆಯ ಯಜಮಾನರಿಗೂ ಮಾತಿನ ಹುರುಪು ಬಂದಿತು. “ನಮ್ಮ ಲಗ್ನದಾಗ ಬೋನಿ ಎಂ ಹಾಡಿಗೆ ಕುಣಿದಿದ್ವಿ” ಎಂದರು. ಯಾರೋ ಮೊಬೈಲಿನಲ್ಲಿ ‘ರಿವರ್ಸ್ ಆಫ್ ಬ್ಯಾಬಿಲಾನ್’ ಹಾಕಿದರು. 1978ರ ಆ ಹಾಡಿಗೆ ನಮ್ಮ ಕಡೆಯ ಎಷ್ಟು ಮದುವೆ ಮನೆಗಳು ಕುಣಿದಿವೆಯೋ ಲೆಕ್ಕವಿಲ್ಲ. ಅಲ್ಲಿದ್ದ ಯುವಕರಲ್ಲಿ ಅದು 137ನೆಯ ಕೀರ್ತನೆಯೆಂದು ತಿಳಿದವರು ಒಬ್ಬರೂ ಇರಲಿಲ್ಲ. ಸೆರೆಯಾಗಿ ಪರದೇಶಕ್ಕೆ ಒಯ್ಯಲ್ಪಟ್ಟ ಜನ ನದಿಯ ದಡದಲ್ಲಿ ಕುಳಿತು ತಮ್ಮ ಊರನ್ನು ನೆನೆದು ಅಳುವ ಕೀರ್ತನೆಯದು. ಸೆರೆಹಿಡಿದವರೇ ‘ನಿಮ್ಮೂರ ಹಾಡೊಂದನ್ನು ಹಾಡಿರಿ’ ಎಂದು ಕೇಳಿದಾಗ ಹೇಗೆ ಹಾಡಲೆಂದು ಕೊರಗುವ ಕೀರ್ತನೆ. ಬೋನಿ ಎಂ ತಂಡಕ್ಕೂ ಮೊದಲು, 1970ರಲ್ಲಿ ಜಮೈಕಾದ ‘ಮೆಲೋಡಿಯನ್ಸ್’ ಎಂಬ ತಂಡ ಅದನ್ನು ಹಾಡಿತ್ತು. ಗುಲಾಮರ ವಂಶಜರಾದ ಅವರಿಗೆ ಬಾಬಿಲೋನೆಂಬುದು ಹಳೆಯ ಕಥೆಯಾಗಿರಲಿಲ್ಲ. ಇದನ್ನು ಹೇಳಿದಾಗ ಕ್ಯಾಂಪಿನ ಹುಡುಗ ಮೊಬೈಲನ್ನು ತೆಗೆದು ಕೀರ್ತನೆಯನ್ನು ಹುಡುಕಿ ಓದಿದ. ಓದಿ, “ಇದಕ್ಕ ಕುಣಿಯೂದ ಹೆಂಗ್ರಿ ಫಾದರ್?” ಎಂದ. ಬಳಿಕ ತನ್ನ ಪಾಲಿನದನ್ನು ತಾನೂ ಕೊಟ್ಟ. ಐರ್ಲೆಂಡಿನ ‘ಯು2’ ತಂಡದ ‘40’ ಎಂಬ ಹಾಡು ಇದೆಯೆಂದೂ, ಆ ಅಂಕಿ ಏಕೆಂದು ತನಗೆ ತಿಳಿಯದೆಂದೂ ಹೇಳಿದ. 40ನೆಯ ಕೀರ್ತನೆಯೇ ಅದರ ಮೂಲ, 1983ರ ಹಾಡು. ಬೈಬಲ್ಲನ್ನು ಬಲ್ಲ ನಾನು ಯು2 ತಂಡವನ್ನು ಸರಿಯಾಗಿ ಕೇಳಿರಲಿಲ್ಲ, ಯು2 ತಂಡವನ್ನು ಬಲ್ಲ ಅವನು ಆ ಕೀರ್ತನೆಯನ್ನು ಓದಿರಲಿಲ್ಲ. ಇಬ್ಬರ ಬಳಿಯೂ ಅರ್ಧರ್ಧ ಇತ್ತು.

ಅಂದು ಹೇಳಲು ಸಮಯವಾಗದೆ ಉಳಿದ ಇನ್ನೊಂದು ಹೆಸರನ್ನು ಇಲ್ಲಿ ಬರೆಯುತ್ತೇನೆ. 1977ರ ‘ಅಮರ್ ಅಕ್ಬರ್ ಆಂಥೊನಿ’ ಚಿತ್ರದಲ್ಲಿ ಪುನರುತ್ಥಾನದ ಹಬ್ಬದ ಕುಣಿತದ ನಡುವೆ ದೊಡ್ಡದೊಂದು ಮೊಟ್ಟೆಯೊಳಗಿಂದ ಅಮಿತಾಭ್ ಬಚ್ಚನ್ ಹೊರಬಂದು ತನ್ನ ಹೆಸರು ಆಂಥೊನಿ ಗೊನ್ಸಾಲ್ವಿಸ್ ಎಂದು ಹಾಡುವುದನ್ನು ಕಾಣದವರು ನಮ್ಮಲ್ಲಿ ವಿರಳ. ಆ ಹೆಸರಿನ ಮನುಷ್ಯ ನಿಜವಾಗಿ ಇದ್ದರು. ಗೋವೆಯ ಮಜೋರ್ಡಾ ಊರಿನವರು, 1927ರಲ್ಲಿ ಹುಟ್ಟಿದವರು. ತಂದೆ ದೇವಾಲಯದ ಗಾಯನವೃಂದದ ಮೇಸ್ತ್ರಿ. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಧರ್ಮಕೇಂದ್ರಗಳಿಗೆ ಸೇರಿದ ಶಾಲೆಗಳಲ್ಲಿ ಬಡವರ ಮಕ್ಕಳಿಗೂ ಸ್ವರಲಿಪಿ ಓದುವುದನ್ನು, ಪಿಟೀಲು ನುಡಿಸುವುದನ್ನು ಕಲಿಸುತ್ತಿದ್ದರು. ಹಾಗೆ ಕಲಿತವರೇ ಮುಂದೆ ಮುಂಬೈಗೆ ಹೋಗಿ ಹಿಂದಿ ಚಲನಚಿತ್ರಗಳ ವಾದ್ಯವೃಂದಗಳನ್ನು ತುಂಬಿದರು. ಸಂಗೀತ ನಿರ್ದೇಶಕ ರಾಗವನ್ನು ಹಾಡಿ ತೋರಿಸಿದರೆ ಅದನ್ನು ಸ್ವರಲಿಪಿಗೆ ಇಳಿಸಿ ಹತ್ತಾರು ವಾದ್ಯಗಳಿಗೆ ಹಂಚಿಕೊಡುತ್ತಿದ್ದವರು ಇವರು. ಶಂಕರ್–ಜೈಕಿಶನ್ ಜೋಡಿಯ ಹಾಡುಗಳ ಹಿಂದೆ ಸೆಬಾಸ್ಟಿಯನ್ ಡಿಸೋಜ ಇದ್ದರು, ಸಿ. ರಾಮಚಂದ್ರರ ಜೊತೆಗೆ ಚಿಕ್ ಚಾಕೊಲೇಟ್ ಎಂದೇ ಹೆಸರಾದ ತುತ್ತೂರಿಗಾರ ಇದ್ದ. ಚಿತ್ರದ ಪರದೆಯ ಮೇಲೆ ಇವರ ಹೆಸರು ಬಹುಮಟ್ಟಿಗೆ ಬರುತ್ತಲೇ ಇರಲಿಲ್ಲ, ಬಂದರೆ ಸಹಾಯಕರೆಂದು. ಆಂಥೊನಿ ಗೊನ್ಸಾಲ್ವಿಸರು 1958ರಲ್ಲಿ ವಾದ್ಯವೃಂದವೊಂದನ್ನು ಕಟ್ಟಿ ನಮ್ಮ ರಾಗಗಳನ್ನು ಪಾಶ್ಚಾತ್ಯ ಮೇಳಕ್ಕೆ ಅಳವಡಿಸಿದರು. 1965ರಲ್ಲಿ ಅಮೆರಿಕೆಗೆ ಹೋದರು, ಮರಳಿ ಬಂದು ಮಜೋರ್ಡಾದಲ್ಲಿ ಸದ್ದಿಲ್ಲದೆ ಬದುಕಿದರು. ಅವರ ಬಳಿ ಪಿಟೀಲು ಕಲಿತಿದ್ದ ಶಿಷ್ಯ, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲರು, ಗುರುವಿನ ಹೆಸರನ್ನೇ ಹಾಡಿಗೆ ಇರಿಸಿದರು. ಕೋಟ್ಯಂತರ ಜನ ಆ ಹೆಸರನ್ನು ಗುನುಗಿದರು. ಹೆಸರಿನವರು ಯಾರೆಂದು ಕೇಳಿದವರು ಕಡಿಮೆ. 2012ರ ಜನವರಿಯಲ್ಲಿ ಅವರು ತೀರಿಕೊಂಡರು. ನಾನು ಗೋವೆಗೆ ಹೋಗುವಾಗಲೆಲ್ಲ ರೈಲು ಮಜೋರ್ಡಾ ನಿಲ್ದಾಣವನ್ನು ದಾಟುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ದಸ್ತಾವೇಜು ಆಯಾ ನಾಡಿನ ಜನರಿಗೆ ತಮ್ಮದೇ ಸಂಗೀತ ಸಂಪ್ರದಾಯವಿದ್ದಲ್ಲಿ ಅದಕ್ಕೆ ತಕ್ಕ ಮನ್ನಣೆ ಕೊಡಬೇಕೆಂದು ಹೇಳಿತು. ಅದನ್ನು ಗುರುಮಠದಲ್ಲಿ ಓದಿ ಪರೀಕ್ಷೆ ಬರೆದಿದ್ದೆವು. ದೇಸೂರಿನ ಹುಡುಗ ಅದನ್ನು ಓದಿಲ್ಲ, ಆದರೆ ಕ್ರಿಸ್ತಜಯಂತಿಯ ಬಲಿಪೂಜೆಗೆ ಪಖವಾಜವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಕೀಬೋರ್ಡಿನ ಶ್ರುತಿಗೂ ಪಖವಾಜಕ್ಕೂ ಹೊಂದಿಸುವುದರಲ್ಲಿ ಗಾಯನವೃಂದದವರು ಸಾಕಷ್ಟು ಕಚ್ಚಾಡಿದರು. ಒಂದು ಭಜನೆ ಚೆನ್ನಾಗಿ ಬಂದಿತು. ಇನ್ನೊಂದು ಅಷ್ಟಕ್ಕಷ್ಟೆ.

ಆ ಸಂಜೆ ಟೆಂಪೊ ಹತ್ತುವ ಮುನ್ನ ಅವರೆಲ್ಲ ತಮ್ಮತಮ್ಮಲ್ಲಿ ಒಂದು ಕರಾರು ಮಾಡಿಕೊಂಡಿದ್ದರು: ಒಬ್ಬೊಬ್ಬರು ಇನ್ನೊಬ್ಬರಿಗೆ ಮೂರು ಹಾಡು ಕೊಡಬೇಕು, ಪೂರ್ತಿ ಕೇಳದೆ ಅಭಿಪ್ರಾಯ ಹೇಳಕೂಡದು. ನನ್ನನ್ನೂ ಬಿಡಲಿಲ್ಲ. ಬಿಟಿಎಸ್ ತಂಡದ ಮೂರನ್ನು ಜೀಪಿನಲ್ಲಿ ಖಾನಾಪುರಕ್ಕೆ ಹೋಗುತ್ತ ಕೇಳಿದೆ. ಒಂದು ಹಿಡಿಸಿತು, ಉಳಿದೆರಡರಲ್ಲಿ ಗದ್ದಲ ಹೆಚ್ಚು. ನಾನು ಮನ್ಸೂರರ ಮೂರು ಧ್ವನಿಮುದ್ರಿಕೆಗಳನ್ನು ಕೊಟ್ಟಿದ್ದೆ. ಖಾನಾಪುರದ ಹುಡುಗಿ ಎರಡನ್ನು ಮುಗಿಸಿದ್ದಾಳೆ. ಮೂರನೆಯದು ಅರ್ಧ ಗಂಟೆಯದು, ರಾತ್ರಿ ಪಾಳಿಯಲ್ಲಿ ಕೇಳುತ್ತೇನೆಂದಿದ್ದಾಳೆ. ಕ್ಯಾಂಪಿನ ಹುಡುಗ ಕುಮಾರ ಗಂಧರ್ವರನ್ನು ಕೇಳಿ, ನಡುನಡುವೆ ಅವರು ಏಕೆ ಹಾಗೆ ಸುಮ್ಮನಾಗುತ್ತಾರೆಂದು ಕೇಳಲು ದೇಸೂರಿಗೆ ಫೋನ್ ಮಾಡಿದ್ದನಂತೆ. ದೇಸೂರಿನವನು ಕೋಲ್ಡ್‌ಪ್ಲೇಯ ಮೂರನ್ನೂ ಕೇಳಿದ್ದಾನೆ. “ಹೆಂಗನಿಸ್ತಪ್ಪಾ?” ಎಂದು ವಿಚಾರಿಸಿದೆ. “ಛಲೋ ಅದಾವ್ರಿ ಫಾದರ್” ಎಂದ, ಸ್ವಲ್ಪ ತಡೆದು, “ಆದ್ರ ತಾಳ ಭಾಳ ಸರಳ ಆತ್ರಿ.”